ಕೋವಿಯ ಹೆಗಲಪಟ್ಟಿ

ಹಾನುಬಾಳಿನ ಮಳೆಯನ್ನು ಕಂಡವರಿಗೆ ಅಲ್ಲಿಯ ಬೂಷ್ಟನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಆಷಾಢ ಕಾಲಿಟ್ಟಿತೆಂದರೆ ಮೆಟ್ಟು, ಪೆಟ್ಟಿಗೆ, ಸೊಂಟದ ಪಟ್ಟಿ, ಚರ್ಮವೆನಿಸಿದುದೆಲ್ಲವೂ ಹಸುರು ಹೊದೆದು ಕುಳಿತುಬಿಡುತ್ತದೆ.

ಅಂಥದೊಂದು ಮಳೆಗಾಲದಲ್ಲಿ ಅಲ್ಲಿನ ಕಾಫಿ ತೋಟದ ಮಿತ್ರರೊಬ್ಬರ ಮನೆಯಲ್ಲಿ ನಾನು ಅತಿಥಿಯಾಗಿದ್ದೆ. ಅವರ ಮಗ ಗೋಡೆಯ ಮೇಲಿನ ಹಳೆಯ ಕೋವಿಯನ್ನು ಹೆಗಲಿಗೇರಿಸಿದನೋ ಇಲ್ಲವೋ, ಪಟ್ಟಿ ಬಳೆಯ ಬಳಿ ಕತ್ತರಿಸಿ ಕೋವಿ ನೆಲಕ್ಕುರುಳಿತು. ಪುಣ್ಯಕ್ಕೆ ಒಳಗೆ ತೋಟಾ ಇರಲಿಲ್ಲ. ಮನೆಯ ಅಜ್ಜಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಕೋವಿ ಮುರಿದರೆ ರಿಪೇರಿಯಾದೀತು ಮಗಾ, ಮನುಷ್ಯ ಮುರಿದರೆ?"

1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಆದರೂ ಆನೆ ಹಂದಿಗಳ ಕಾಟವುಳ್ಳ ಸಕಲೇಶಪುರ, ಆಲೂರಿನ ಕಡೆ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಕೋವಿಗಳು ಇನ್ನೂ ಇವೆ. ಅವುಗಳ ನಳಿಕೆಗೆ ನಡೆಯುವ ಉಪಚಾರ ಪಟ್ಟಿಗೆ ನಡೆಯುವುದಿಲ್ಲ.

ಪಟ್ಟಿಯನ್ನು ಕೊಳ್ಳುವಾಗ ಅದರ ಕತ್ತರಿಸಿದ ಅಂಚನ್ನು ನೋಡಬೇಕು. ತಂಗಡಿ ತೊಗಟೆ, ಅಳಲೆಕಾಯಿಗಳಂಥವುಗಳಿಂದ ಹದಮಾಡಿದ ಚರ್ಮ ಒಳಗೂ ಕಂದಾಗಿಯೇ ಇರುತ್ತದೆ; ಕ್ರೋಮ್ ಹದದ್ದಾದರೆ ನಡುವೆ ನೀಲಿಬೂದಿಯ ಛಾಯೆ ಕಾಣುವುದುಂಟು. ಭಾರ ಹೊರಲು ಮೊದಲನೆಯದೇ ಮೇಲು. ಬೆನ್ನಿನ ಭಾಗದ ಚರ್ಮ ಜಗ್ಗುವುದು ಕಡಿಮೆ, ಹೊಟ್ಟೆಯದು ಬೇಗನೆ ಜೋಲುತ್ತದೆ. 1907ರಲ್ಲಿ ಅಮೆರಿಕದ ಸೈನ್ಯ ಕೈಗೊಂಡ ಪ್ರಸಿದ್ಧ ರೈಫಲ್ ಪಟ್ಟಿಯ ಅಗಲ ಒಂದೂಕಾಲು ಅಂಗುಲ; ಹಿತ್ತಾಳೆಯ ಕೊಕ್ಕೆಗಳನ್ನು ಜೋಡಿತೂತುಗಳಲ್ಲಿ ಸಿಕ್ಕಿಸಿ ಉದ್ದವನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡು ಅದರದು.

ಹೊಸ ಪಟ್ಟಿ ಹಲಗೆಯಂತೆ ಬಿರುಸಾಗಿದ್ದರೆ ಅವಸರ ಸಲ್ಲದು. ಒದ್ದೆಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಲು ಬಿಡಿ. ತುಸು ತೇವವಿರುವಾಗಲೇ ನಯವಿಲ್ಲದ ಒಳಮೈಗೆ ಹರಳೆಣ್ಣೆಯನ್ನು ತೆಳ್ಳಗೆ ಸವರಿ, ನುಣುಪಾದ ಮರದ ಗೂಟಕ್ಕೆ ಸುತ್ತಿ ಹಿಂದೆ ಮುಂದೆ ಎಳೆಯಿರಿ. ಮೂರು ನಾಲ್ಕು ದಿನ ಹೀಗೆ ಮಾಡಿದರೆ ಮೆದುವಾಗುತ್ತದೆ. ಎಣ್ಣೆಯಲ್ಲಿ ನೆನೆಹಾಕಿದರೆ ಮಾತ್ರ ಚರ್ಮ ಸಡಿಲಾಗಿ ಉದ್ದವಾಗುತ್ತದೆ. ಒದ್ದೆಯಾದ ಪಟ್ಟಿಯನ್ನು ಒಲೆಯ ಬಳಿ ಒಣಗಿಸುವುದಂತೂ ಘೋರ ಅಪರಾಧ. ಅದು ಸೆಡೆತು, ಬಳಿಕ ಬಿರಿಯುತ್ತದೆ.

ಉದ್ದವನ್ನು ಗೊತ್ತುಮಾಡುವಾಗ ಮಳೆಗಾಲದ ಉಡುಪನ್ನು ಧರಿಸಿಯೇ ನೋಡಬೇಕು. ಬೇಸಗೆಯ ಅಂಗಿಗೆ ಸರಿಯಾದ ಪಟ್ಟಿ ಕಂಬಳಿಯ ಮೇಲೆ ಬಿಗಿಯಾದೀತು. ಅಳತೆಗೆ ಮುನ್ನ ಕೋವಿ ಬರಿದಾಗಿದೆಯೆಂಬುದನ್ನು ಎರಡು ಸಲ ನೋಡಿ. ಬಳೆಯೊಳಗೆ ತೂರುವ ಮಡಿಕೆಯನ್ನು ವರ್ಷಕ್ಕೊಮ್ಮೆ ಬಿಚ್ಚಿ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ಪಟ್ಟಿಯನ್ನು ಬದಲಿಸಿ. ಮಳೆಗಾಲ ಮುಗಿಯುವವರೆಗೆ ಅದನ್ನು ಕಳಚಿ ಗಾಳಿಯಾಡುವಲ್ಲಿ ತೂಗುಹಾಕಿ. ತೇವ ಕುಡಿದ ಚರ್ಮ ತಾಗಿದಲ್ಲಿ ನಳಿಕೆಗೆ ತುಕ್ಕು ತಪ್ಪದು.

"ನಮಗೆಲ್ಲಿಯ ಕೋವಿ?" ಎಂದು ಪಟ್ಟಣದ ಓದುಗರು ನಗಬಹುದು. ಮಗುವಿನ ಶಾಲೆಯ ಚೀಲ, ನಿಮ್ಮ ಕಚೇರಿಯ ಚೀಲ ಇವುಗಳ ಪಟ್ಟಿಯೂ ಹರಿಯುವುದು ಆ ಮಡಿಕೆಯಲ್ಲಿಯೇ. ಇಂದು ಸಂಜೆ ಒಮ್ಮೆ ಬಗ್ಗಿಸಿ ನೋಡಿ.