ಬಾಗಿಲು ಸರಿಯಾಗಿ ಮುಚ್ಚದಿದ್ದರೆ ವಾಸ್ತುದೋಷವೇ? ಅಂಚು ಕೀಸಿಸುವ ಮುನ್ನ ಇದನ್ನು ಓದಿ

‘ಮುಂಬಾಗಿಲು ಸಿಕ್ಕಿಕೊಂಡರೆ ವಾಸ್ತುದೋಷ, ಮನೆಗೆ ಕಷ್ಟ ಕಾದಿದೆ’ ಎಂಬಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಅದಕ್ಕೆ ಹೆದರಿ ಬಾಗಿಲನ್ನೇ ಬದಲಿಸಿದರೆ ದುಡ್ಡು ದಂಡ. ಮಳೆ ಸುರಿಯುವಾಗಲೇ ಬಡಗಿಯನ್ನು ಕರೆಸಿ ಅಂಚು ಕೀಸಿಸಿದರೂ ಬೇಸಿಗೆಯಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಹಾಗಾದರೆ ನಿಜವಾದ ಕಾರಣವೇನು?

ಮರ ಏಕೆ ಹಿಗ್ಗುತ್ತದೆ?

ಕಡಿದು ಒಣಗಿಸಿದ ಮೇಲೂ ಮರ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ತೇವ ಹೀರಿದ ನಾರು ದಪ್ಪವಾಗುವುದರಿಂದ ಹಲಗೆ ಅಗಲದಲ್ಲಿ ಹಿಗ್ಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ತೀರಾ ಕಡಿಮೆ. 900 ಮಿ.ಮೀ. ಅಗಲದ ಹಲಗೆ ಬಾಗಿಲು ಶೇ 0.5ರಷ್ಟು ಹಿಗ್ಗಿದರೂ 4.5 ಮಿ.ಮೀ. ಆಯಿತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಾಮಾನ್ಯವಾಗಿ ಬಿಡುವ ಸಂದು 2–3 ಮಿ.ಮೀ. ಮಾತ್ರ. ಹಿಂದೆ ಬಂಡೆಯ ತೂತುಗಳಿಗೆ ಒಣ ಮರದ ಬೆಣೆ ಬಡಿದು, ನೀರೆರೆದು ಕಲ್ಲು ಸೀಳುತ್ತಿದ್ದುದೂ ಇದೇ ಬಲದಿಂದ.

ಕಾರಣ ಹುಡುಕುವುದು ಹೇಗೆ?

ಬಾಗಿಲಿನ ಅಂಚಿಗೆ ಸೀಮೆಸುಣ್ಣ ಬಳಿದು ಒಮ್ಮೆ ಮುಚ್ಚಿ ತೆರೆಯಿರಿ. ಚೌಕಟ್ಟಿನ ಮೇಲೆ ಬಿಳಿ ಗುರುತು ಎಲ್ಲಿ ಬಿದ್ದಿದೆ ನೋಡಿ.

• ಚಿಲಕದ ಕಡೆಯ ಅಂಚಿನುದ್ದಕ್ಕೂ ಗುರುತಿದ್ದು, ತೊಂದರೆ ಮಳೆಗಾಲದಲ್ಲಷ್ಟೇ ಇದ್ದರೆ: ಮರ ಹಿಗ್ಗಿದೆ.
• ಚಿಲಕದ ಕಡೆಯ ಮೇಲ್ಮೂಲೆ ತಾಗುತ್ತಿದ್ದು, ಕೆಳಗೆ ನೆಲ ಕೆರೆಯುತ್ತಿದ್ದರೆ: ಮೇಲಿನ ಹಿಂಜ್ ಸಡಿಲವಾಗಿ ಬಾಗಿಲು ಜೋತಿದೆ.
• ಬಾಗಿಲು ಎಲ್ಲೂ ತಾಗದೆ ಚಿಲಕ ಮಾತ್ರ ಕೂರದಿದ್ದರೆ: ಚಿಲಕವೂ ಅದರ ತೂತೂ ಒಂದೇ ನೇರಕ್ಕಿಲ್ಲ.

ಏನು ಮಾಡಬೇಕು?

ಮೊದಲು ಹಿಂಜ್‌ನ ಸ್ಕ್ರೂಗಳನ್ನು ಬಿಗಿ ಮಾಡಿ. ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ, ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಅಂಟು ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕಿ. ಈ ಕೆಲಸ ಮಾಡುವಾಗ ಬಾಗಿಲಿನ ಕೆಳಗೆ ಬೆಣೆ ಕೊಟ್ಟಿರಬೇಕು.

ಮರ ಹಿಗ್ಗಿದ್ದರೆ ಅಂಚಿಗೆ ಮೇಣದಬತ್ತಿ ಉಜ್ಜಿ ಮಳೆಗಾಲ ಕಳೆಯಿರಿ. ಈಗ ಕೀಸಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಅಗಲವಾಗುತ್ತದೆ, ಚಿಲಕ ಸರಿಯಾಗಿ ಕೂರದೆ ಹೋಗಬಹುದು. ಹವೆ ಒಣಗಿದ ಮೇಲೂ ತಾಗುತ್ತಿದ್ದರೆ ಆಗ ಸ್ವಲ್ಪವೇ ಕೀಸಿಸಿ, ಎಲ್ಲ ಅಂಚುಗಳಿಗೂ ಬಣ್ಣ ಅಥವಾ ವಾರ್ನಿಷ್ ಹೊಡೆಸಿ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಬಣ್ಣ ಬಿಟ್ಟುಹೋಗುವುದು ಸಾಮಾನ್ಯ. ತೇವ ಒಳನುಗ್ಗುವುದೂ ಅಲ್ಲಿಂದಲೇ.

ಬಚ್ಚಲುಮನೆ ಬಾಗಿಲನ್ನು ಮಾತ್ರ ಹಾಗೇ ಬಿಡಬೇಡಿ. ಒಳಗೆ ಮಕ್ಕಳೋ ವಯಸ್ಸಾದವರೋ ಸಿಕ್ಕಿಹಾಕಿಕೊಳ್ಳಬಹುದು. ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಹಾಕಿಸುವುದು ಕ್ಷೇಮ.

ಯಾವಾಗ ಎಚ್ಚರ ಬೇಕು?

ಬಾಗಿಲಿನ ಮೂಲೆಯಿಂದ ಗೋಡೆಯಲ್ಲಿ ಓರೆಯಾದ ಬಿರುಕು ಎದ್ದು ಅಗಲವಾಗುತ್ತಿದ್ದರೆ, ಮನೆಯ ಹಲವು ಬಾಗಿಲುಗಳು ಒಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ಅಡಿಪಾಯ ಅಲುಗಿರಬಹುದು. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅಲ್ಲಿನ ಮನೆಗಳಲ್ಲಿ ಈ ಅಪಾಯ ಹೆಚ್ಚು. ಇಂಥ ಬಿರುಕು ಕಂಡರೆ ಬಡಗಿಗಿಂತ ಮೊದಲು ಸಿವಿಲ್ ಎಂಜಿನಿಯರ್‌ಗೆ ತೋರಿಸಿ.

ಸಾರಾಂಶ: ಬಾಗಿಲು ಬಿಗಿಯಾಗುವುದಕ್ಕೆ ತೇವ, ಸಡಿಲ ಹಿಂಜ್ ಅಥವಾ ಅಲುಗಿದ ಗೋಡೆ ಕಾರಣ. ಹೆದರಿಸುವ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಸೀಮೆಸುಣ್ಣದ ಪರೀಕ್ಷೆ ಮಾಡಿ ನೋಡಿ.