ಡಿಹೈಡ್ರೇಟರ್ ಕೊಳ್ಳುವುದಾದರೆ ಉಪ್ಪು ಇಳಿಸಲು ಕೊಳ್ಳಿ



ಏಪ್ರಿಲ್ ಬಂತೆಂದರೆ ಊರಿನ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ, ಸಂಡಿಗೆ ಒಣಗಿಸುವ ಕಾಲ. ಡೊಂಬಿವಲಿ, ಮುಲುಂಡ್, ಚೆಂಬೂರಿನ ಫ್ಲ್ಯಾಟುಗಳಲ್ಲಿ ಅಂಗಳವೆಲ್ಲಿ? ಗಚ್ಚಿಗೆ ಸೊಸೈಟಿಯ ಬೀಗ, ಗ್ಯಾಲರಿಗೆ ಅರ್ಧ ದಿನದ ಬಿಸಿಲು, ಮೇಲೆ ರಸ್ತೆಯ ಧೂಳು, ಪಾರಿವಾಳದ ಹಿಕ್ಕೆ. ಹಾಗಾಗಿ ಡಿಹೈಡ್ರೇಟರ್ ತಗೊಳ್ಳಬಹುದೇ ಎಂದು ಈಗ ಅನೇಕರು ಕೇಳುತ್ತಾರೆ.

ತಗೊಳ್ಳಬಹುದು. ಆದರೆ ಯಂತ್ರದಲ್ಲಿ ಒಣಗಿಸಿದ ಮಾತ್ರಕ್ಕೆ ಯಾವುದೂ ಆರೋಗ್ಯದ ತಿಂಡಿ ಆಗುವುದಿಲ್ಲ. ಯಂತ್ರ ತೆಗೆಯುವುದು ನೀರನ್ನು ಮಾತ್ರ. ಉಪ್ಪು, ಸಕ್ಕರೆ ಹಾಕಿದಷ್ಟೂ ಉಳಿಯುತ್ತವೆ.

*ಮುಂಬಯಿಗೆ ಇದು ಹೊಸದಲ್ಲ*
1959ರ ಮಾರ್ಚ್ 15ರಂದು ಗಿರ್‌ಗಾಂವ್‌ನ ಕಟ್ಟಡವೊಂದರ ಗಚ್ಚಿಯಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡಲು ಕೂತರು. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಮೊದಲ ವರ್ಷ ಮಳೆಗಾಲದ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟೌ ಇಟ್ಟು ಒಣಗಿಸಿದರು. ಇಂದಿನ ಯಂತ್ರವೂ ಅದೇ ಉಪಾಯ, ಜೊತೆಗೆ ಒಂದು ಫ್ಯಾನು, ಬಿಸಿ ಎಷ್ಟಿರಬೇಕೆಂದು ತಿರುಗಿಸುವ ಒಂದು ಗುಂಡಿ.

*ಅಸಲು ಲಾಭ ಉಪ್ಪಿನಲ್ಲಿ*
ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಇಡೀ ದಿನಕ್ಕೆ ಸುಮಾರು ಒಂದು ಟೀ ಚಮಚ. ಸಾರು, ಪಲ್ಯ, ಉಪ್ಪಿನಕಾಯಿಗೇ ಅದು ಮುಗಿದಿರುತ್ತದೆ. ಉದ್ದಿನ ಹಪ್ಪಳದಲ್ಲಿ ಉಪ್ಪಿನ ಜೊತೆ ಹಪ್ಪಳದ ಖಾರವೂ ಇದೆ, ಅದರಲ್ಲೂ ಸೋಡಿಯಂ.

ಬಿಪಿ ಬಂದ ಅಪ್ಪ ಅಮ್ಮನಿಗೆ "ಹಪ್ಪಳ ಮುಟ್ಟಬೇಡಿ" ಎನ್ನುವುದು ಸುಲಭ. ಗಂಜಿಯ ಮುಂದೆ ಬಾಳಕವಿಲ್ಲದೆ ಕೂತ ಹಿರಿಯರ ಮುಖ ನೋಡಿದವರಿಗೆ ಅದರ ಕಷ್ಟ ಗೊತ್ತು. ಪೂರ್ತಿ ನಿಲ್ಲಿಸುವುದಕ್ಕಿಂತ ಉಪ್ಪು ಇಳಿಸಿ, ಡಾಕ್ಟರನ್ನು ಕೇಳಿ, ಅಪರೂಪಕ್ಕೆ ಒಂದು ಕೊಡುವುದು ಬಹುಪಾಲು ಮನೆಗಳಲ್ಲಿ ನಡೆಯುವ ದಾರಿ ಎಂಬುದು ನನ್ನ ಅಭಿಪ್ರಾಯ.

ಬಾಳಕಕ್ಕೆ ಅಷ್ಟು ಉಪ್ಪು ಯಾಕೆ? ಹಗಲು ಬಿಸಿಲು, ರಾತ್ರಿ ಮತ್ತೆ ಮಜ್ಜಿಗೆ ಎಂದು ದಿನಗಟ್ಟಲೆ ನಡೆಯುವ ಕೆಲಸದಲ್ಲಿ ಮೆಣಸು ಕೆಡದಂತೆ ಉಪ್ಪೇ ಕಾಯಬೇಕು. ಮೆಣಸನ್ನು ಫ್ರಿಜ್ಜಿನಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಯಂತ್ರದಲ್ಲಿ ಒಣಗಿಸಿದರೆ ಅಷ್ಟು ಉಪ್ಪು ಬೇಡ. ಅಕ್ಕಿ ಸಂಡಿಗೆಗೂ ಅರ್ಧ ಸಾಕು. ಉಪ್ಪಿನಕಾಯಿಗೆ ಮಾತ್ರ ಈ ಲೆಕ್ಕ ಹಾಕಬೇಡಿ, ಅಲ್ಲಿ ಕಾಯುವುದು ಉಪ್ಪೇ. ಕರಿಯುವ ಬದಲು ಹಪ್ಪಳವನ್ನು ಸುಟ್ಟು ತಿಂದರೆ ಎಣ್ಣೆಯೂ ಉಳಿಯಿತು.

*ಹಣ್ಣಿನ ವಿಷಯದಲ್ಲಿ ಎಚ್ಚರ*
ಒಂದು ಕಿಲೋ ಮಾವಿನ ರಸದಲ್ಲಿ ಸುಮಾರು 800 ಗ್ರಾಂ ನೀರೇ. ಮಾಂಬಳ ಆದಾಗ ಉಳಿಯುವ ಚಿಕ್ಕ ಹಾಳೆಯಲ್ಲಿ ಕಿಲೋ ರಸದ ಸಕ್ಕರೆ ಪೂರ್ತಿ ಇರುತ್ತದೆ. ಉತ್ತರ ಕನ್ನಡದ ಸುಕೇಳಿಗೂ, ನಮ್ಮ ಪಕ್ಕದ ವಸಾಯಿಯ ಸುಕೇಳಿಗೂ ಇದೇ ಮಾತು. ಮಕ್ಕಳ ಡಬ್ಬಿಗೆ ಬಿಸ್ಕತ್ತಿನ ಬದಲು ಎರಡು ತುಂಡು ಒಳ್ಳೆಯದೇ. ಸಕ್ಕರೆ ಕಾಯಿಲೆ ಇದ್ದವರು ಎಣಿಸಿ ತಿನ್ನಬೇಕು. ಕಿಡ್ನಿ ತೊಂದರೆ ಇದ್ದವರು ಒಣ ಬಾಳೆಹಣ್ಣು ತಿನ್ನುವ ಮೊದಲು ಡಾಕ್ಟರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

*ಮಾಡುವಾಗ ನೆನಪಿರಲಿ*
• ಹಣ್ಣು, ತರಕಾರಿಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಸಾಕು. ಬಿಸಿ ಹೆಚ್ಚಿಸಿದರೆ ಹೊರಗೆ ಗಟ್ಟಿ, ಒಳಗೆ ಹಸಿ.
• ಸಂಡಿಗೆ ಟಕ್ಕನೆ ಮುರಿಯಬೇಕು. ಮಾಂಬಳ ಬಗ್ಗಬೇಕು, ಅಂಟಬಾರದು.
• ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಿ. ಉಪ್ಪು ಕಡಿಮೆ ಮಾಡಿದ್ದನ್ನು ಫ್ರಿಜ್ಜಿನಲ್ಲಿಡಿ.
• ಬೂಸ್ಟು ಕಂಡರೆ ಇಡೀ ಡಬ್ಬಿ ಎಸೆಯಿರಿ. ಕೆಲವು ಬೂಸ್ಟಿನ ವಿಷ ಕರಿದರೂ ಹೋಗುವುದಿಲ್ಲ.
• ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಹೆಚ್ಚು ಹೊತ್ತು ಬೇಕು. ಯಂತ್ರದ ಸುತ್ತ ಗಾಳಿಯಾಡಲಿ.

500 ವ್ಯಾಟಿನ ಯಂತ್ರ ಎಂಟು ಗಂಟೆ ಪೂರ್ತಿ ಓಡಿದರೆ ನಾಲ್ಕು ಯೂನಿಟ್ ಕರೆಂಟು. ವರ್ಷಕ್ಕೆ ಎರಡು ಸಲ ಬಳಸಿ ಮಾಳಿಗೆಗೆ ಏರಿಸುವುದಾದರೆ ಬೇಡವೇ ಬೇಡ. ಒಂದೇ ಬಿಲ್ಡಿಂಗಿನ ಮೂರ್ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ದುಡ್ಡೂ ಉಳಿತಾಯ, ಒಟ್ಟಿಗೆ ಕೂತು ಸಂಡಿಗೆ ಹಾಕುವ ಸಂಭ್ರಮವೂ ಸಿಕ್ಕೀತು. ಪ್ಯಾಕೆಟ್ಟಿನ ಹಪ್ಪಳಕ್ಕೆ ಉಪ್ಪು ಎಷ್ಟೆಂದು ತೀರ್ಮಾನಿಸುವವರು ಬೇರೆ ಯಾರೋ. ಮನೆಯ ಹಪ್ಪಳಕ್ಕೆ ತೀರ್ಮಾನ ನಮ್ಮದೇ. ಆ ಅಧಿಕಾರವನ್ನು ಬಳಸೋಣ.

ಉಪಯುಕ್ತ ಅನಿಸಿದರೆ ನಿಮ್ಮ ಮನೆಯವರ ಗುಂಪಿಗೂ ಕಳಿಸಿ.