ಎಲ್ಲಿಗೂ ಹೋಗದ ಹಡಗು ಮತ್ತು ನಮ್ಮೂರ ರೊಕ್ಕ

ಸುಮಾರು ದಿನ ಆಗಿತ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನಲ್ಲಿ ರಿಲೀಸ್ ಮೇಲೆ ರಿಲೀಸ್, ಮನೆಗೆ ಬಂದ್ರೆ ನಿದ್ದೆ. ಈಗಲೂ ಬರೀತಿರಲಿಲ್ಲ. ಆದ್ರೆ ಒಂದೇ ತಿಂಗಳಲ್ಲಿ ಮೂರು ಜನ ಬ್ಲಾಗ್ ಗೆಳೆಯರು ಗೋವಾ ಪ್ರವಾಸದ ಬಗ್ಗೆ ಬರೆದಿದ್ದಾರೆ. ಮೂವರೂ ಮಾಂಡೋವಿ ನದಿಯ ಕ್ಯಾಸಿನೊ ಹಡಗು ಹತ್ತಿ ಇಳಿದಿದ್ದಾರೆ. ಮೂವರೂ "ಜೀವನದಲ್ಲಿ ಒಂದ್ಸಲ ಹೋಗಿ ಬರಲೇಬೇಕು" ಅಂದಿದ್ದಾರೆ. ಬಫೆಯಲ್ಲಿ ಏನೇನಿತ್ತು, ಸ್ಟೇಜ್ ಮೇಲೆ ಯಾರು ಕುಣಿದ್ರು, ಎಲ್ಲಾ ಇದೆ. ಎಷ್ಟು ಕಳ್ಕೊಂಡ್ರಿ ಅನ್ನೋದು ಮಾತ್ರ ಒಬ್ಬರೂ ಬರೆದಿಲ್ಲ. ಅದಕ್ಕೇ ಈ ಜಗಳ.

ಮೊದಲು ನನ್ನದು ಹೇಳಿಬಿಡ್ತೀನಿ. ನಾನೂ ಹೋಗಿದ್ದೆ. 6,400 ರೂಪಾಯಿ ಸೋತೆ. ಟಿಕೆಟ್ ದುಡ್ಡು ಬೇರೆ.

ನಾವು ಹೋಗಿದ್ದು ನಾಲ್ಕು ಜನ, ಎಲ್ಲಾ ಇಂಜಿನಿಯರಿಂಗ್ ಕಾಲದ ದೋಸ್ತರು. ನಾನು ಬೆಟಗೇರಿಯವನು; ಉಳಿದವರು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರು. ಅವರಲ್ಲಿ ಒಬ್ಬ ಡಿಗ್ರಿ ಮುಗಿಸಿ ನೌಕರಿ ಬಿಟ್ಟು ಹೊಲ ನೋಡ್ಕೋತಾ ಇದ್ದಾನೆ. ಉಳ್ಳಾಗಡ್ಡಿ ಮಾರಿದ ರೊಕ್ಕ ಕೈಯಲ್ಲಿತ್ತು. ದೀಪಾವಳಿ ಮುಗಿದ ವಾರ ಅವನದೇ ಫೋನು. "ದೋಸ್ತ, ಮೂರು ಸಾವಿರ ಕೊಟ್ರ ಊಟ, ಕುಡಿಯೂದು ಎಲ್ಲಾ ಅದರಾಗ ಬರತೈತಿ. ಮ್ಯಾಲ ಎರಡು ಸಾವಿರದ ಚಿಪ್ಸ್ ತಿರುಗಿ ಕೊಡ್ತಾರಂತ. ಅಂದ್ರ ಖರ್ಚು ಒಂದ ಸಾವಿರ ಅಲ್ಲೇನ್ಲೇ? ಹೋಗೂಣು ನಡಿ." ಲೆಕ್ಕದಲ್ಲಿ ಅವನು ಯಾವಾಗಲೂ ನನಗಿಂತ ಮುಂದು. ನಾನೂ ಹೂಂ ಅಂದೆ.

ಆ ಎರಡು ಸಾವಿರದ ಚಿಪ್ಸ್ ಬಗ್ಗೆ ಮೊದಲು ತಿಳ್ಕೊಳ್ಳಿ. ಅದಕ್ಕೆ ಅಲ್ಲಿ 'ಒನ್ ಟೈಮ್ ಪ್ಲೇ' ಅಂತಾರೆ, ಚಿಕ್ಕದಾಗಿ ಓಟಿಪಿ. (ನಮ್ಮ ಓಟಿಪಿ ಹತ್ತು ನಿಮಿಷ ಇರತ್ತೆ, ಇದು ಅಷ್ಟೂ ಇರಲ್ಲ.) ಇದನ್ನ ಕ್ಯಾಶ್ ಕೌಂಟರಿಗೆ ಕೊಟ್ಟು ದುಡ್ಡು ತಗೊಳ್ಳೋಕೆ ಬರಲ್ಲ. ಒಂದ್ಸಲ ಮೇಜಿನ ಮೇಲೆ ಇಡಬಹುದು, ಗೆದ್ರೆ ಗೆದ್ದಷ್ಟು ನಿಮ್ಮದು, ಚಿಪ್ ಅವರದು. ಅಂದ್ರೆ ಅದು ತಿರುಗಿ ಕೊಟ್ಟ ದುಡ್ಡಲ್ಲ, ಮೇಜಿನ ತನಕ ಕರ್ಕೊಂಡು ಹೋಗೋ ಕೈ. ಕೈಲಿರೋ ಪುಕ್ಕಟೆ ಚಿಪ್ಸ್ ಹೋದಾಗ ನಿಮಗೆ ಏನೂ ಕಳ್ಕೊಂಡ ಹಾಗೆ ಅನ್ನಿಸಲ್ಲ. ಆದ್ರೆ ಅಷ್ಟರಲ್ಲಿ ಕೂತಿರ್ತೀರಿ, ಆಟ ಕಲಿತಿರ್ತೀರಿ, ಪಕ್ಕದಲ್ಲಿ ಗ್ಲಾಸ್ ಬಂದಿರತ್ತೆ.

ಎರಡನೇದು ಹಡಗು. ದಂಡೆಯಿಂದ ಸಣ್ಣ ಬೋಟಿನಲ್ಲಿ ಕರ್ಕೊಂಡು ಹೋಗ್ತಾರೆ, ಹತ್ತುವಾಗ ಟೈಟಾನಿಕ್ ಹತ್ತಿದ ಖುಷಿ. ಆಮೇಲೆ ಕಾಯ್ತಾ ಕೂತೆ, ಯಾವಾಗ ಹೊರಡತ್ತೆ ಅಂತ. ಹೊರಡಲ್ಲ ಸ್ವಾಮಿ! ಪಣಜಿಯ ರಸ್ತೆ ದೀಪ ಎದುರಿಗೇ ಕಾಣ್ತಾ ಇರತ್ತೆ. ಹೊರದೇಶದ ದೊಡ್ಡ ಕ್ರೂಸ್ ಹಡಗುಗಳಲ್ಲಿ ಸಾಮಾನ್ಯವಾಗಿ ಬಂದರಿನಲ್ಲಿ ನಿಂತಾಗ ಕ್ಯಾಸಿನೊ ಮುಚ್ಚಿರ್ತಾರೆ; ದಂಡೆಯಿಂದ 12 ನಾಟಿಕಲ್ ಮೈಲಿ ದಾಟಿ, ಆ ದೇಶದ ಕಾನೂನಿನ ಗಡಿ ಬಿಟ್ಟ ಮೇಲೆ ಬಾಗಿಲು ತೆಗೀತಾರೆ. (ಅಲ್ಲೂ ರೂಮಿನ ಕಾರ್ಡ್ ಉಜ್ಜಿದ್ರೆ ಚಿಪ್ಸ್ ಸಿಗೋದುಂಟು, ಬಿಲ್ ಕಾಣೋದು ಇಳಿಯೋ ದಿನ. ಹೋಗೋರು ನೆನಪಿಟ್ಕೊಳ್ಳಿ.) ಗೋವಾದಲ್ಲಿ ಆ ಗಡಿ ದಾಟೋ ಶಾಸ್ತ್ರವೂ ಇಲ್ಲ. 1976ರ ಗೋವಾ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಮಷಿನ್ ಇಡೋಕೆ ಬಿಟ್ರು. 1996ರಲ್ಲಿ ಇನ್ನೊಂದು ತಿದ್ದುಪಡಿ: ಎಲೆ ಹಂಚಿ ಆಡೋ ಮೇಜಿನ ಆಟ 'ದಂಡೆಯಾಚೆಯ ಹಡಗಿನಲ್ಲಿ' ನಡೆಸಬಹುದು ಅಂತ. ಹಾಗಾಗಿ ಹಡಗು ಬೇಕಾಯ್ತು. ಅದು ತೇಲಿದ್ರೆ ಸಾಕು, ಹೋಗಬೇಕಾಗಿಲ್ಲ. ಮಾಂಡೋವಿಯಿಂದ ಇವನ್ನ ತೆಗೀತೀವಿ ಅಂತ ಅಲ್ಲಿನ ಸರ್ಕಾರಗಳು ಹೇಳ್ತಾನೇ ಬಂದಿವೆ, ಗಡುವು ಮುಂದೆ ಹಾಕ್ತಾನೇ ಬಂದಿವೆ.

ಈಗ ಲೆಕ್ಕ. ರೂಲೆಟ್‌ನಲ್ಲಿ 0 ಸೇರಿ 37 ಅಂಕಿ. 37ರ ಮೇಲೂ ನೂರು ನೂರು ಇಟ್ರಿ ಅಂದ್ಕೊಳ್ಳಿ, 3,700 ಆಯ್ತು. ಯಾವುದೋ ಒಂದು ಬಂದೇ ಬರತ್ತೆ. ಅದಕ್ಕೆ 35 ಪಟ್ಟು ಮತ್ತು ನಿಮ್ಮ ನೂರು, ಒಟ್ಟು 3,600 ಕೊಡ್ತಾರೆ. ಎಲ್ಲಾ ಅಂಕಿ ಹಿಡಿದ್ರೂ ನೂರು ರೂಪಾಯಿ ಹೋಯ್ತು, ಶೇ. 2.7. ಎರಡು ಸೊನ್ನೆ ಇರೋ ಚಕ್ರವಾದ್ರೆ ಶೇ. 5.26. ನಮ್ಮ ಕಡೆಯವರ ಪ್ರೀತಿಯ ಅಂದರ್-ಬಾಹರ್ ಕೂಡ ಅಲ್ಲಿದೆ. ಎಲೆ ಮೊದಲು ಬೀಳೋ ಬದಿಗೆ ನೂರರಲ್ಲಿ ಸುಮಾರು 51.5 ಸಲ ಗೆಲುವು. ಆದ್ರೆ ಆ ಬದಿ ಗೆದ್ರೆ ಸಾಮಾನ್ಯವಾಗಿ ನೂರಕ್ಕೆ 90 ಮಾತ್ರ. ಗುಣಿಸಿ ನೋಡಿ, ಅಲ್ಲಿ ಶೇ. 2.15 ಅವರಿಗೆ. ಇನ್ನೊಂದು ಬದಿ ಹಿಡಿದ್ರೆ ನೂರಕ್ಕೆ ನೂರು ಕೊಡ್ತಾರೆ, ಆದ್ರೆ ಸೋಲು ಜಾಸ್ತಿ, ಶೇ. 3.

"ಬರೀ ಎರಡು ಮೂರು ಪರ್ಸೆಂಟಾ, ನಮ್ಮ ಎಪಿಎಂಸಿ ಕಮಿಷನ್ ಇದ್ದಂಗ ಐತಿ" ಅಂದ ನನ್ನ ಗೆಳೆಯ. ತಪ್ಪಿದ್ದೇ ಅಲ್ಲಿ. ಉಳ್ಳಾಗಡ್ಡಿಗೆ ಕಮಿಷನ್ ಒಂದೇ ಸಲ. ಇಲ್ಲಿ ಪ್ರತಿ ಸಲ. 500 ರೂಪಾಯಿಯಂತೆ ಗಂಟೆಗೆ 40 ಆಟ, ಎಂಟು ಗಂಟೆ ಕೂತ್ರೆ 1,60,000 ರೂಪಾಯಿ ಮೇಜಿನ ಮೇಲೆ ಓಡಾಡಿರತ್ತೆ. ಶೇ. 2.7ರ ಹಾಗೆ 4,320 ಹೋಗೋದು ಬರೀ ಸರಾಸರಿ. ಸೋತಿದ್ದನ್ನ ವಾಪಸ್ ತರ್ತೀನಿ ಅಂತ 500 ಇಟ್ಟವನು 5,000 ಇಡೋಕೆ ಶುರು ಮಾಡಿದ್ರೆ ಈ ಸರಾಸರಿ ಅವನನ್ನ ಕಾಯಲ್ಲ. ಇದರ ಮೇಲೆ ತೆರಿಗೆ. ಚಿಪ್ಸ್ ಕೊಳ್ಳೋ ದುಡ್ಡಿನ ಮೇಲೇ ಜಿಎಸ್‌ಟಿ, 2023ರ ಅಕ್ಟೋಬರ್ 1ರಿಂದ ಶೇ. 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಅಕಸ್ಮಾತ್ ಗೆದ್ರೆ ಗೆದ್ದಿದ್ದಕ್ಕೆ ಶೇ. 30 ಆದಾಯ ತೆರಿಗೆ, ಸೋತಿದ್ದನ್ನ ಅದರಲ್ಲಿ ಕಳೆದು ತೋರಿಸೋ ಹಾಗಿಲ್ಲ. ಕುಮಾರವ್ಯಾಸನ ಊರಿನವನಾಗಿ ಒಂದು ಮಾತು: ಧರ್ಮರಾಯನಿಗೆ ಎದುರಿಗೆ ಕೂತವನು ಶಕುನಿ ಅಂತಾದ್ರೂ ಗೊತ್ತಿತ್ತು. ಇಲ್ಲಿ ಎದುರಿಗೆ ಕೂತವರು ನಗ್ತಾ "ಗುಡ್ ಲಕ್ ಸರ್" ಅಂತಾರೆ.

"ನಮ್ಮ ದುಡ್ಡು, ನಮ್ಮಿಷ್ಟ. ಸಿನಿಮಾಗೆ ಖರ್ಚು ಮಾಡಲ್ವಾ?" ಅಂತ ಕಾಮೆಂಟ್ ಬರತ್ತೆ, ಗೊತ್ತು. ಸರಿ, ಒಪ್ಪಿದೆ. ಹಾಗಾದ್ರೆ ಇದಕ್ಕೆ ಉತ್ತರ ಹೇಳಿ. 2020ರ ಫೆಬ್ರವರಿ 1ರಿಂದ ಗೋವಾದ ನಿವಾಸಿಗಳು ಆ ಕ್ಯಾಸಿನೊಗಳಲ್ಲಿ ಆಡೋ ಹಾಗಿಲ್ಲ. ಕೆಲಸಕ್ಕೆ ಹೋಗಬಹುದು, ಆಡೋಕೆ ಹೋಗೋ ಹಾಗಿಲ್ಲ. ಬರೀ ಮನರಂಜನೆಯಾಗಿದ್ರೆ ತನ್ನ ಜನರಿಗೇ ಯಾಕೆ ಬಾಗಿಲು ಹಾಕ್ತಿತ್ತು ಅಲ್ಲಿನ ಸರ್ಕಾರ? ಅವರ ಮಕ್ಕಳು ಹಾಳಾಗಬಾರದು, ಹುಬ್ಬಳ್ಳಿ, ಬೆಳಗಾವಿ, ಗದಗಿನ ಮಕ್ಕಳು ಬರಲಿ. ನಾನು ಗೋವಾದವರನ್ನ ಬೈತಿಲ್ಲ, ತಮ್ಮ ಮನೆ ತಾವು ನೋಡ್ಕೊಂಡಿದ್ದಾರೆ. ಅದನ್ನ ನೋಡಿಯೂ ಟಿಕೆಟ್ ತಗೊಂಡು "ಸೂಪರ್ ಅನುಭವ" ಅಂತ ಬರೆಯೋ ನಮಗೆ ಏನನ್ನಬೇಕು?

ನಮ್ಮ ಕಡೆಯ ತಮಾಷೆ ಬೇರೆ. ಪಂಚಮಿ ಬಂದ್ರೆ ನಮ್ಮ ಹಳ್ಳಿಗಳಲ್ಲಿ ನಿಂಬೆಹಣ್ಣು ಒಗೆಯೋ ಪಂಥ, ಇಸ್ಪೀಟು ಇದ್ದಿದ್ದೇ. ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಐವತ್ತು ನೂರು ಇಟ್ಟು ಅಂದರ್-ಬಾಹರ್ ಆಡ್ತಿದ್ದವರನ್ನ ಪೊಲೀಸರು ಹಿಡಿದು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪ್ರಕಾರ ಕೇಸ್ ಹಾಕ್ತಾರೆ, ಜಪ್ತಿಯಾದ ರೊಕ್ಕದ ಲೆಕ್ಕದ ಜೊತೆ ಜಿಲ್ಲಾ ಪುಟದಲ್ಲಿ ಸುದ್ದಿ ಬರತ್ತೆ. ಅದೇ 52 ಎಲೆ, ಅದೇ ಆಟ, ಅನಮೋಡ ಘಾಟ್ ಇಳಿದು ಎಸಿ ಹಡಗಲ್ಲಿ ಆಡಿದ್ರೆ ಅದು ಟೂರಿಸಂ, ಬ್ಲಾಗಿನಲ್ಲಿ ಫೋಟೋ. ಬೇವಿನ ಗಿಡದ ಆಟ ಒಳ್ಳೇದು ಅಂತಿಲ್ಲ. ಅಲ್ಲಿ ಸೋತ ರೊಕ್ಕ ಊರೊಳಗಿನ ಇನ್ನೊಬ್ಬನ ಜೇಬಿಗಾದ್ರೂ ಹೋಗ್ತಿತ್ತು, ಮತ್ತು ಯಾರು ಎಷ್ಟು ಸೋತ ಅಂತ ಸಂಜೆಯೊಳಗೆ ಊರಿಗೆಲ್ಲಾ ಗೊತ್ತಾಗ್ತಿತ್ತು. ಹಡಗಿನಲ್ಲಿ ಸೋತಿದ್ದು ಯಾರಿಗೂ ಗೊತ್ತಾಗಲ್ಲ.

ಇನ್ನೊಂದು. ಮಾಂಡೋವಿ ಅಂದ್ರೆ ಯಾವ ನದಿ ಅಂದ್ಕೊಂಡ್ರಿ? ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟೋ ಮಹಾದಾಯಿ. 2015ರ ಜುಲೈನಿಂದ ನರಗುಂದದಲ್ಲಿ ನಮ್ಮ ಜಿಲ್ಲೆಯ ರೈತರು ಟೆಂಟ್ ಹಾಕಿ ಕೂತಿದ್ದು ಇದೇ ನೀರಿಗಾಗಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ 3.9 ಟಿಎಂಸಿ ಅಂತ ಹೇಳ್ತು. ನೀರು ಈ ಕಡೆ ತರೋಕೆ ಅಷ್ಟು ವರ್ಷದ ಜಗಳ. ರೊಕ್ಕ ಆ ಕಡೆ ಹೋಗೋಕೆ ಐದಾರು ತಾಸು ಸಾಕು.

ಬೆಳಗಿನ ಜಾವ ನಾಲ್ಕಕ್ಕೆ ದಂಡೆಗೆ ಬಂದ್ವಿ. ಒಳಗೆ ಗಡಿಯಾರ ಕಂಡಿರಲಿಲ್ಲ, ಹೊರಗೆ ಬಂದ ಮೇಲೇ ಟೈಮ್ ಗೊತ್ತಾಗಿದ್ದು. ಇಬ್ಬರು ಸಣ್ಣಪುಟ್ಟ ಸೋತಿದ್ರು. ಉಳ್ಳಾಗಡ್ಡಿ ಮಾರಿ ಬಂದವನು ಮಾತಾಡ್ಲಿಲ್ಲ. ಲೋಂಡಾ ದಾಟಿದ ಮೇಲೆ ಹೇಳಿದ, ಎಂಬತ್ತೈದು ಸಾವಿರ. ನಡುವೆ ಎರಡು ಸಲ ಫೋನಿನಿಂದ ದುಡ್ಡು ಹಾಕಿ ಚಿಪ್ಸ್ ತಗೊಂಡಿದ್ದನಂತೆ, ನಾವು ಊಟದಲ್ಲಿದ್ವಿ.

ಮೊನ್ನೆ ಊರಿಗೆ ಹೋದಾಗ ಅವನನ್ನ ಕೇಳಿಯೇ ಇದನ್ನ ಬರೀತಿದೀನಿ, ಹೆಸರು, ಊರು ಬ್ಯಾಡ ಅಂದ. "ಮನ್ಯಾಗ ಏನ್ ಹೇಳಿದ್ಯೋ?" ಅಂದೆ.

"ಅಪ್ಪಗ ಉಳ್ಳಾಗಡ್ಡಿ ರೇಟ್ ಬಿತ್ತು ಅಂತ ಹೇಳೀನಿ."

"ನಂಬಿದ್ರಾ?"

"ಯಾಕ ನಂಬಂಗಿಲ್ಲ? ವರ್ಷಾ ಬೀಳತೈತಲ್ಲ."